ಓವನ್ ವಾಪಸ್ ಕಳಿಸು

ನಾದಿನಿಗೆ,

ನಿನ್ನ ಅಕ್ಕನಿಗೆಂದು ನೀನು ಕೊಟ್ಟಿದ್ದ ಓವನ್ನನ್ನು ಹೇಳದೆ ಕೇಳದೆ ವಾಪಸ್ ಕಳಿಸಿದೆನೆಂದು ಮುನಿಸಿಕೊಂಡಿದ್ದೀಯಂತೆ. ಆ ಮುನಿಸೂ ಅವಳದೇ ಅಚ್ಚು.

ಕಿಡ್ನಿ ಡಾಕ್ಟರು ಹಣ್ಣುಗಳ ಪಟ್ಟಿಯಲ್ಲಿ ಬಾಳೆ, ಕಿತ್ತಳೆ, ಒಣದ್ರಾಕ್ಷಿಗೆಲ್ಲ, ಪೊಟ್ಯಾಸಿಯಂ ಏರಿದರೆ ಎದೆಬಡಿತವೇ ನಿಂತೀತು ಎಂದು ಕೆಂಪು ಗೀಟು ಎಳೆದು ಸೇಬನ್ನು ಉಳಿಸಿದ್ದರಲ್ಲ. ನಾನು ಟೈಲರ್ ಅಂಗಡಿಯಿಂದ ಬಂದು ದಿನಾ ಸಂಜೆ ಸೇಬು ಹೆಚ್ಚಿ, ಉಪ್ಪಿಲ್ಲದ ಬೆಣ್ಣೆ ಸವರಿ, ಚೂರು ಸಕ್ಕರೆ, ಚಕ್ಕೆಪುಡಿ ಉದುರಿಸಿ ಓವನ್ನಿನಲ್ಲಿ ಬೇಯಿಸುತ್ತಿದ್ದೆ. ಅವಳಿಗೆ ತಡೆಯಲಾಗುತ್ತಿರಲಿಲ್ಲ. ಖಾಲಿ ಬಟ್ಟಲಿಗೆ ಚಮಚದಿಂದ ಟಿಕ್, ಟಿಕ್ ಎಂದು ಬಡಿಯುತ್ತಾ, "ಬೇಗ ತನ್ನಿ ಮಾರಾಯ್ರೇ, ಪ್ರಾಣ ಹೋಗ್ತಿದೆ" ಅನ್ನುತ್ತಿದ್ದಳು.

ಕೊನೆಯ ಸಂಜೆ, "ಒಂದೇ ಒಂದು ಹಿಡಿ ಒಣದ್ರಾಕ್ಷಿ ಹಾಕಿ, ಯಾರಿಗೆ ಗೊತ್ತಾಗತ್ತೆ?" ಅಂದಳು. ಹಾಕಿದೆ. ಬೆಳಗಾಗುವಷ್ಟರಲ್ಲಿ ಅವಳ ಎದೆಬಡಿತ ನಿಂತಿತ್ತು. ಡಾಕ್ಟರಿಗೆ ಹೇಳಲಿಲ್ಲ. ನಿನಗೂ ಇವತ್ತೇ ಹೇಳುತ್ತಿರುವುದು.

ಅವಳು ಹೋದ ಮೇಲೂ ಕೈ ಸುಮ್ಮನಿರಲಿಲ್ಲ. ಒಂದು ಸಂಜೆ ಮತ್ತೆ ಸೇಬು ಬೇಯಿಸಿದೆ. ಓವನ್ ಆರಿಸಿದಾಗ ಬಿಸಿ ತಗಡು ತಣಿಯುತ್ತಾ ಟಿಕ್, ಟಿಕ್ ಅಂದಿತು. ಥೇಟ್ ಅವಳ ಚಮಚದ ಸದ್ದು. ಅದಕ್ಕೇ ಮಾರನೇ ದಿನವೇ ಅದನ್ನು ನಿನ್ನ ಮನೆಗೆ ಸಾಗಹಾಕಿದೆ.

ಇಂದಿಗೆ ಒಂಬತ್ತು ದಿನವಾಯಿತು. ಅದಿದ್ದ ಜಾಗದಲ್ಲಿ ಈಗ ಬರೀ ಕಟ್ಟೆ. ಆದರೂ ಸಂಜೆಯಾದರೆ ಸಾಕು, ಅಡುಗೆಮನೆಯಿಂದ ಅದೇ ಸದ್ದು.

ನಾಳೆಯೇ ಓವನ್ ವಾಪಸ್ ಕಳಿಸಮ್ಮ. ತಗಡಿನ ಸದ್ದು ಅಂತಾದರೂ ಅಂದುಕೊಳ್ಳುತ್ತೇನೆ.

ನಿನ್ನೆದುರು ನಿಂತು ಇದನ್ನು ಹೇಳಲಾರದ,
ಭಾವ