ಒಬ್ಬ ನಾಗರಿಕ

ವೆಂಡೆಲ್ ಅಣ್ಣಾ,

ಈ ಕಾಗದ ಕಳಿಸಿದರೆ ನನಗೆ ಜೈಲು, ಹಾಗಾಗಿ ಕಳಿಸುವುದಿಲ್ಲ.

ಇವತ್ತು ನಮ್ಮ ಬೇಹುಗಾರಿಕೆ ಆಫೀಸಿನಲ್ಲಿ ನಿನ್ನ ದನಿ ಕೇಳಿದೆ. ನಾವು ಕದ್ದಾಲಿಸುತ್ತಿದ್ದದ್ದು ಹೊರದೇಶದ ವ್ಯಾಪಾರಿಯೊಬ್ಬನ ಫೋನನ್ನು. ನೀನು ಅವನಿಗೆ ದೋಣಿಯ ಎಂಜಿನ್ ಮಾರುತ್ತಿದ್ದೆ. ನಮ್ಮದೇ ದೇಶದ ಅಮೆರಿಕದವರ ಹೆಸರು ವರದಿಯಲ್ಲಿ ಬರಬಾರದೆಂದು ಕಾನೂನಿದೆ. ನಿನ್ನನ್ನು ‘ಒಬ್ಬ ನಾಗರಿಕ’ ಎಂದು ಬರೆದೆ.

“ಯಾಕೆ ಮುಖ ಹಂಗಾಯ್ತು? ಗೊತ್ತಿರೋರ ದನಿನಾ?” ಮೇಲಧಿಕಾರಿ ಲೊರೇನ್ ಕೇಳಿದರು.

“ಇಲ್ಲ ಮೇಡಂ, ಯಾರೋ ಏನೋ.”

ವ್ಯಾಪಾರದ ಮಾತು ಮುಗಿದ ಮೇಲೆ ನೀನು ಅವನಿಗೆ ಹೇಳಿದೆ: “ಅಪ್ಪ ತೀರ್ಕೊಂಡಾಗ್ಲೂ ನನ್ ತಂಗಿ ಬರ್ಲಿಲ್ಲ ಮಾರಾಯಾ. ಆದ್ರೂ ಏಡಿ ಬೇಯ್ಸಿದಾಗೆಲ್ಲ ಅವಳಿಗೊಂದು ತಟ್ಟೆ ಇಡ್ತೀನಿ.”

ದೇಶದ ಭದ್ರತೆಗೆ ಸಂಬಂಧವಿಲ್ಲದ ಮಾತನ್ನು ನಾವು ಉಳಿಸಿಕೊಳ್ಳುವಂತಿಲ್ಲ. ಮೂರು ಸಲ ಕೇಳಿ, ಅಳಿಸಿದೆ.