ಕೂತಲ್ಲೇ ಓಡಿದ್ದು

ರೀ, ಕೇಳಿಸಿತೇ? ನೀವು ಹೋದ ಮೇಲೆ ನನ್ನೆದೆಗೆ ಪೇಸ್‌ಮೇಕರ್ ಕೂರಿಸಿದ್ದಾರೆ. ಇವತ್ತು ಅದರ ತಪಾಸಣೆ. ತಿಂಗಳುಗಟ್ಟಲೆ ಅರವತ್ತರಲ್ಲೇ ಮಲಗಿದ್ದ ಬಡಿತದ ಗೆರೆ, ಹೋದ ವಾರ ಒಂದು ಮಧ್ಯಾಹ್ನ ನೂರಕ್ಕೆ ಜಿಗಿದಿತ್ತು.

"ಅವತ್ತು ಎಲ್ಲಿಗಮ್ಮಾ ಓಡಿದ್ರಿ?" ಎಂದಳು ಟೆಕ್ನಿಷಿಯನ್.

"ಓಡೋದೆಲ್ಲಿ ಬಂತು! ಕೂತ್ಕೊಂಡು ನಮ್ಮೆಜಮಾನ್ರ ಹೊಲಿಗೆ ಮಿಷನ್ ತುಳಿದೆ."

"ಮೈ ಅಲುಗಾಡಿದ್ರೆ ಈ ಪೇಸ್‌ಮೇಕರ್ ತಾನೇ ಬಡಿತ ಏರಿಸತ್ತೆ. ಒಳ್ಳೇದೇ, ದಿನಾ ತುಳೀರಿ," ಎಂದು ನಕ್ಕಳು.

ಮನೆಗೆ ಬಂದವಳೇ ಮಿಷನ್ನಿಗೆ ಎಣ್ಣೆ ಬಿಟ್ಟು, ಹಳೆ ಹೊದಿಕೆಯಿಂದ ದಿಂಬಿನ ಚೀಲ ಹೊಲಿಯಲು ಕೂತೆ. ಪಕ್ಕದ ಮನೆಯಾಕೆ ಗೋಡೆ ಗುದ್ದಿದಳು: "ಆ ಕಟಕಟ ನಿಲ್ಸ್ರೀ, ಎದೆ ಹೊಡ್ಕೊಳ್ಳತ್ತೆ!"

ನಾನು ನಿಮಗೆ ದಿನವೂ ಅನ್ನುತ್ತಿದ್ದ ಮಾತೇ.

ನಿಮ್ಮ ಹಾಗೆಯೇ ಜಾಣಕಿವುಡು ನಟಿಸಿ, ಕತ್ತಲಾಗುವವರೆಗೂ ತುಳಿದೆ.