ಹದಿನಾರು ರೆಸಿಸ್ಟರ್‌ಗಳು

ಕುಕನೂರು
೧೨ ನವೆಂಬರ್ ೨೦೨೪

ಪ್ರೀತಿಯ ಶಾಂಭವಿಗೆ ಅಪ್ಪನ ಆಶೀರ್ವಾದ.

ನಾವಿಬ್ಬರೂ ಆರಾಮ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು. ಮುದುಕನ ಸೋಮಾರಿತನ ಎಂದು ಬಿಟ್ಟುಬಿಡು. ಇಲ್ಲೇ ಇರುವ ಕುಷ್ಟಗಿಗೆ ಕಾಗದ ಯಾಕೆ ಎನ್ನುತ್ತೀಯ. ಫೋನ್ ಮಾಡಿದರೆ ನೀನು ಅವ್ವನ ಜೊತೆ ಮಾತಾಡಿ ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದುತ್ತೀಯೆಂಬ ಆಸೆ.

ನಿವೃತ್ತನಾದ ಮೇಲೆ ಹಿಡಿದ ಎಲೆಕ್ಟ್ರಾನಿಕ್ಸ್ ಹುಚ್ಚು ನಿನಗೆ ಗೊತ್ತೇ ಇದೆ. ಈ ಸಲ ಡಿಎಸಿ ಕಟ್ಟಲು ಕೂತೆ. ಕಂಪ್ಯೂಟರಿನ ಅಂಕಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವೋಲ್ಟೇಜ್ ಮಾಡಿ ದನಿ ಹೊರಡಿಸುವ ಸರ್ಕ್ಯೂಟು. ಅದಕ್ಕೆ ಹದಿನಾರು ರೆಸಿಸ್ಟರ್ ಬೇಕು: ಹತ್ತು ಕಿಲೋ ಓಮಿನವು ಏಳು, ಇಪ್ಪತ್ತರವು ಒಂಬತ್ತು. ಅವುಗಳ ಮೈಮೇಲಿನ ಬಣ್ಣದ ಪಟ್ಟೆಗಳಲ್ಲಿ ಮೊದಲನೆಯದು ಕಂದಾದರೆ ಹತ್ತು, ಕೆಂಪಾದರೆ ಇಪ್ಪತ್ತು. ಗಂಗಾವತಿಯ ಫಾತಿಮಾಬೀ ಅಂಗಡಿಯಿಂದ ತಂದೆ. ಎರಡೂ ಪೊಟ್ಟಣ ಒಂದೇ ತಟ್ಟೆಗೆ ಸುರುವಿ, ಪಟ್ಟೆ ನೋಡಿ ನೋಡಿ ಬೆಸುಗೆ ಹಾಕಿದೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವನಿಗೆ ಮೀಟರ್ ಹಚ್ಚಿ ನೋಡುವ ದರ್ದೇನಿತ್ತು?

ವಚನ ಹಾಕಿದರೆ ಗಾಯಕರು ಬಾಯಲ್ಲಿ ಜಲ್ಲಿ ತುಂಬಿಕೊಂಡು ಹಾಡಿದ ಹಾಗಾಯಿತು. ಅಂಕಿ ಒಂದೊಂದಾಗಿ ಏರಿಸಿ ಅಳೆದೆ. ವೋಲ್ಟೇಜ್ ಏರುತ್ತಲೇ ಹೋಗಬೇಕು. ಇಲ್ಲಿ ನಡುನಡುವೆ ಧೊಪ್ಪನೆ ಬೀಳುತ್ತಿತ್ತು. ಪವರ್ ಸಪ್ಲೈ ಬದಲಿಸಿದೆ, ವೈರು ಗಿಡ್ಡ ಮಾಡಿದೆ, ಬೆಸುಗೆ ಮತ್ತೆ ಕಾಯಿಸಿದೆ. ಹತ್ತು ದಿನ ಹೋದವು. ತಪ್ಪು ಮಾಲಿನದೇ ಎಂದು ತೀರ್ಮಾನಿಸಿದೆ. "ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ," ಎಂದು ನಿಮ್ಮವ್ವ ನಕ್ಕಳು. ಅದೇ ಸಿಟ್ಟಿನಲ್ಲಿ ಗಂಗಾವತಿ ಬಸ್ ಹತ್ತಿದೆ.

ನಾಲ್ಕು ಗಿರಾಕಿಗಳೆದುರು, "ಏನವಾ, ಹತ್ತು ಇಪ್ಪತ್ತು ಕಲಸಿ ಕೊಟ್ಟು ಮಂದೀನ ಮೋಸ ಮಾಡ್ತೀಯೇನು?" ಎಂದು ಬೋರ್ಡು ಕುಕ್ಕಿದೆ. ಗಂಡ ತೀರಿದ ಮೇಲೆ ಒಬ್ಬಳೇ ಅಂಗಡಿ ನಡೆಸಿದ ಹೆಂಗಸು, ಆಕೆಯ ಬಂಡವಾಳವೆಂದರೆ ಹೆಸರು. ಒಬ್ಬ ಗಿರಾಕಿ ಕೈಯಲ್ಲಿದ್ದ ಸಾಮಾನು ವಾಪಸ್ಸಿಟ್ಟ.

ಫಾತಿಮಾಬೀ ದನಿ ಏರಿಸಲಿಲ್ಲ. ಬೋರ್ಡನ್ನು ಬೆಳಕಿಗೆ ಹಿಡಿದಳು. "ಮೂರ ಕಡೆ ಕಂದು, ಕೆಂಪು ಅದಲಬದಲ ಆಗ್ಯಾವ್ರಿ ಸರ್. ನಾ ಚೀಟಿ ಹಚ್ಚಿ ಬ್ಯಾರೆ ಬ್ಯಾರೆ ಪೊಟ್ಟಣ ಕಟ್ಟಿದ್ನೆಲ್ರಿ."

ಸಾಧ್ಯವೇ ಇಲ್ಲವೆಂದೆ. ಆಕೆ ಬಿಳಿ ಹಾಳೆಯ ಮೇಲೆ ಎರಡು ರೆಸಿಸ್ಟರ್ ಇಟ್ಟಳು. "ಕೆಂಪ ಯಾವ್ದು ತೋರಸ್ರಿ." ತೋರಿಸಿದೆ. ಮೀಟರ್ ಹಚ್ಚಿದಳು, ಹತ್ತು ಬಂತು. ಬೇರೆ ಜೋಡಿ ಇಟ್ಟು ಮತ್ತೆ ಕೇಳಿದಳು. ಮತ್ತೆ ತಪ್ಪಿದೆ. "ಕಣ್ಣು ಒಮ್ಮೆ ಡಾಕ್ಟರಿಗೆ ತೋರಸ್ರಿ ಸರ್," ಎಂದಳು, ನನಗಷ್ಟೇ ಕೇಳುವ ಹಾಗೆ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ಗಿರಾಕಿಗಳ ಕಡೆ ತಿರುಗಿ ಕೈ ಮುಗಿದೆ. "ತಪ್ಪು ನಂದ್ರಿ. ಈಕಿ ಮಾಲು ಛಲೋ ಐತಿ." ಸಾಮಾನು ವಾಪಸ್ಸಿಟ್ಟಿದ್ದವನು ಮತ್ತೆ ಎತ್ತಿಕೊಂಡ. ಫಾತಿಮಾಬೀ ನನಗೆ ಚಹಾ ತರಿಸಿದಳು.

ಕೊಪ್ಪಳದ ಡಾಕ್ಟರು ಚುಕ್ಕಿಗಳ ಪುಸ್ತಕ ತೋರಿಸಿ, ಕೆಂಪು ಕಂದು ಬೇರೆಯಾಗಿ ಕಾಣದ ದೋಷ, ಹುಟ್ಟಿನಿಂದಲೇ ಇದೆ ಎಂದರು. ಮೀಟರ್ ಹಚ್ಚಿ ನೋಡಿ ಆ ಮೂರೂ ಕಡೆ ಸರಿಮಾಡಿದೆ, ಡಿಎಸಿ ಈಗ ಸೊಗಸಾಗಿ ಹಾಡುತ್ತಿದೆ.

ಅವ್ವ ಶೇಂಗಾ ಹೋಳಿಗೆ ಮಾಡಿದ್ದಾಳೆ, ಬಸ್ಸಿನವರ ಕೈಲಿ ಕಳಿಸುತ್ತೇವೆ. ಕಚೇರಿ ಕೆಲಸದಲ್ಲಿ ಊಟ ತಪ್ಪಿಸಬೇಡ. ತಣ್ಣಗೆ ಬಾಳು, ತಾಯಿ.

ನಿನ್ನ ಅಪ್ಪ,
ದೊಡ್ಡಬಸಪ್ಪ

ತಾ.ಕ.: ಡಾಕ್ಟರು ಹುಟ್ಟಿನಿಂದಲೇ ಎಂದಾಗ ನನಗೆ ನೆನಪಾದದ್ದು ನೀನು. ಪಿಯುಸಿ ಮೊದಲ ವರ್ಷ, ನನ್ನದೇ ಲ್ಯಾಬು. ರೆಸಿಸ್ಟರಿನ ಪಟ್ಟೆ ನೋಡಿ ನೀನು ಇಪ್ಪತ್ತು ಎಂದು ಬರೆದಿದ್ದೆ, ನಾನು ಹತ್ತು ಎಂದೆ. "ಅಪ್ಪಾ, ಇದು ಕೆಂಪೈತಿ," ಎಂದೆ ನೀನು. ಮಗಳೆಂದು ಬಿಡಲಿಲ್ಲ ಅನ್ನಿಸಿಕೊಳ್ಳುವ ಹಮ್ಮು ನನಗೆ. ನಲವತ್ತು ಮಕ್ಕಳೆದುರು ಸುಳ್ಳಿ ಎಂದು ಬೈದು ನಿನ್ನ ರೆಕಾರ್ಡು ಹರಿದೆ. ಅದೇ ವಾರ ನೀನು ವಿಜ್ಞಾನ ಬಿಟ್ಟೆ. ನೀನು ಅಂದದ್ದು ಸರಿಯಿತ್ತು, ಶಾಂಭವಿ. ಫಾತಿಮಾಬೀಯ ಗಿರಾಕಿಗಳು ಎದುರಿಗೇ ಇದ್ದರು, ಕೈ ಮುಗಿದೆ. ಆ ನಲವತ್ತು ಮಕ್ಕಳನ್ನು ನಾನೀಗ ಎಲ್ಲಿಂದ ಕೂಡಿಸಲಿ?